ಗ್ರಾಫಿಕ್ಸ್ ಕಾರ್ಡಿಗೆ ಪಥ್ಯ

ಕಂಪ್ಯೂಟರಿಗೆ ಜಾಸ್ತಿ ಕರೆಂಟು ಕುಡಿಸಿದಷ್ಟೂ ಜೋರಾಗಿ ಓಡುತ್ತೆ ಅಂತ ನಂಬಿರೋ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಲ್ಲಿ ಎಸಿ ಹಾಕ್ಕೊಂಡು ಓವರ್‌ಕ್ಲಾಕ್ ಮಾಡೋರಿಗೆ ಅದು ಸರಿ ಇರಬಹುದು. ಗೆಂಡೆಹಳ್ಳಿಯ ಹೆಂಚಿನ ಮನೆಯಲ್ಲಿ ಕೂತವನಿಗೆ ಬೇಕಾಗೋದು ಅದರ ಉಲ್ಟಾ ವಿದ್ಯೆ. ಅಂಡರ್‌ವೋಲ್ಟಿಂಗ್ ಅಂತಾರೆ. ಈ ಸಲ ಅದನ್ನೇ ಸ್ವಲ್ಪ ಕೊರೀತೀನಿ, ಸಹಿಸ್ಕೊಳ್ಳಿ :)

ನಮ್ಮೂರು ಗೊತ್ತಿಲ್ಲದವರಿಗೆ: ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ. ಕಾಫಿ, ಮೆಣಸು, ಮಳೆ. 2023ರಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ನಮ್ಮ ಮನೆ ಕರೆಂಟಿಗೂ ಏನೂ ಸಂಬಂಧ ಇಲ್ಲ ಬಿಡಿ. ತ್ರೀ ಫೇಸ್ ಬಂದ ಕೂಡಲೇ ಸುತ್ತಮುತ್ತಲ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ, ವೋಲ್ಟೇಜು ಜಾರುತ್ತೆ. ಮಳೆಗಾಲದಲ್ಲಂತೂ ಎಲ್ಲೋ ಒಂದು ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಮುಗೀತು.

ಇಂಥ ಕಡೆ ಡೆಸ್ಕ್‌ಟಾಪ್ ಇಟ್ಕೊಂಡಿದ್ದೀನಲ್ಲ, ಅದಕ್ಕೆ ಕಾರಣ ನಮ್ಮಜ್ಜಿ. 2019ರಿಂದ ರಜೆಗೆ ಬಂದಾಗಲೆಲ್ಲ ಅಜ್ಜಿ ಹೇಳೋ ಕತೆ, ಹಾಡು, ಜಗಳ ಎಲ್ಲ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ. ಎಪ್ಪತ್ತು ರೆಕಾರ್ಡಿಂಗು. ಓಪನ್‌ಎಐನವರು 2022ರಲ್ಲಿ ಬಿಟ್ಟ ವಿಸ್ಪರ್ ಅನ್ನೋ ಮಾಡೆಲ್ಲು ಮಾತನ್ನ ಅಕ್ಷರಕ್ಕಿಳಿಸುತ್ತೆ, ಕನ್ನಡವೂ ಬರುತ್ತೆ. ಬರುತ್ತೆ ಅಂದ್ರೆ ಹೆಂಗೆ? ನಾಟಿ ಮಾಡೋವಾಗ ಹೆಂಗಸರು ಮಳೆಗೆ ತಲೆ ಮೇಲಿಂದ ಬೆನ್ನಿಗೆ ಹಾಕ್ಕೊಳ್ಳೋ ಗೊರಬನ್ನ ಅದು 'ಗರ್ಭ' ಅಂತ ಬರೀತು. ಹಾಗಾಗಿ ಅದು ಬರೆದದ್ದನ್ನ ಓದಿ ಹೇಳಿ, ಅಜ್ಜಿ ಬೈದು ತಿದ್ದಬೇಕು. ಅಜ್ಜಿಗೆ ಎಂಬತ್ತಾರು. ಕಿವಿ ಪರವಾಗಿಲ್ಲ. ಆದರೆ ಹೋದ ವರ್ಷದಿಂದ ಹೆಸರುಗಳು ಮರೆತುಹೋಗ್ತಿವೆ. ಮುಂದಿನ ವರ್ಷ ಮಾಡೋಣ ಅನ್ನೋ ಕೆಲಸ ಅಲ್ಲ ಇದು.

ವಿಸ್ಪರಿನ ದೊಡ್ಡ ಮಾಡೆಲ್ಲಿಗೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ನನ್ನ ಹತ್ರ ಇರೋದು 2021ರಲ್ಲಿ ಬಂದ ಆರ್‌ಟಿಎಕ್ಸ್ 3060, 12 ಜಿಬಿ. ಮೆಮೊರಿಗೇನೂ ಕೊರತೆ ಇಲ್ಲ. ಆದರೆ ಪೂರ್ತಿ ಕೆಲಸ ಕೊಟ್ಟರೆ ಕಾರ್ಡೊಂದೇ 170 ವ್ಯಾಟ್ ಎಳೆಯುತ್ತೆ. ಪ್ರೊಸೆಸರು, ಮಾನಿಟರು, ಎಸ್‌ಎಂಪಿಎಸ್‌ನಲ್ಲಿ ಸೋರೋದು ಎಲ್ಲ ಸೇರಿ ಗೋಡೆ ಹತ್ರ ಲೆಕ್ಕ ಹಾಕಿದ್ರೆ 320ರ ಆಸುಪಾಸು. ಯುಪಿಎಸ್ 600 ವಿಎಯದು, ಅಂದ್ರೆ 360 ವ್ಯಾಟ್. ಸಾಕಲ್ಲ ಅಂತೀರಾ? ಈ ಕಾರ್ಡುಗಳು ಮಿಲಿಸೆಕೆಂಡಿನ ಮಟ್ಟಿಗೆ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಎಳೀತವೆ. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗೋ ಕ್ಷಣಕ್ಕೆ ಸರಿಯಾಗಿ ಅಂಥದ್ದೊಂದು ಎಳೆತ ಬಂತೋ, ಯುಪಿಎಸ್ 'ಕುಂಯ್' ಅಂದು ಕೈ ಎತ್ತುತ್ತೆ. ರಾತ್ರಿ ಕೊಟ್ಟ ಕೆಲಸ ಬೆಳಿಗ್ಗೆ ಅರ್ಧಕ್ಕೇ ನಿಂತಿರುತ್ತೆ. ಇದರ ಜೊತೆ ಅಟ್ಟದ ಕೆಳಗಿನ ರೂಮಿನ ಸೆಕೆ, ಕಾರ್ಡು 81 ಡಿಗ್ರಿ, ಫ್ಯಾನಿನ ಸದ್ದು. "ಯಾಕ್ಲಾ ಮಗ, ಆ ಡಬ್ಬ ಇಂಗೆ ಬುಸುಗುಡ್ತದೆ?" ಅಂತ ಅಜ್ಜಿ.

ದೊಡ್ಡ ಯುಪಿಎಸ್ ತಗೋಬಹುದಿತ್ತು. ಸೆಕೆ ಕಮ್ಮಿ ಆಗ್ತಿರಲಿಲ್ಲ.

ಈಗ ಸ್ವಲ್ಪ ಇಂಜಿನಿಯರಿಂಗು. ಚಿಪ್ಪು ಕೆಲಸ ಮಾಡೋವಾಗ ತಿನ್ನೋ ಪವರ್ರು ಅದರ ವೇಗಕ್ಕೆ ತಕ್ಕ ಹಾಗೆ ಏರುತ್ತೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಮಜಾ ಇರೋದು ಆ ವರ್ಗದಲ್ಲೇ. 1.05 ವೋಲ್ಟನ್ನ 0.875ಕ್ಕೆ ಇಳಿಸಿದ್ರೆ ಇಳಿದದ್ದು ಆರನೇ ಒಂದು ಭಾಗ ಅಷ್ಟೇ, ಆದರೆ ಅದೇ ವೇಗದಲ್ಲಿ ಪವರ್ರು ಶೇಕಡ 30ರಷ್ಟು ಉಳಿಯುತ್ತೆ. ಇಳಿಸೋದಕ್ಕೆ ಜಾಗ ಯಾಕಿರುತ್ತೆ ಅಂದ್ರೆ, ಒಂದೇ ಅಚ್ಚಿನ ಚಿಪ್ಪುಗಳೂ ಒಂದರ ಹಾಗೆ ಒಂದಿರಲ್ಲ. ತೀರಾ ಸುಮಾರಾದ ಚಿಪ್ಪೂ ನಡೀಲಿ ಅಂತ ಎಲ್ಲಕ್ಕೂ ಸ್ವಲ್ಪ ಜಾಸ್ತಿ ವೋಲ್ಟೇಜನ್ನೇ ಬರೆದು ಕಳಿಸ್ತಾರೆ. ಮದುವೆ ಮನೇಲಿ ನೂರು ಎಲೆ ಜಾಸ್ತಿ ಲೆಕ್ಕ ಹಾಕಿ ಅಡುಗೆ ಮಾಡಿಸ್ತಾರಲ್ಲ, ಹಾಗೆ.

ವಿಂಡೋಸಿನಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ತೆಗೆದು ಕಂಟ್ರೋಲ್-ಎಫ್ ಒತ್ತಿದ್ರೆ ವೋಲ್ಟೇಜು-ವೇಗದ ಗೆರೆಯೊಂದು ಬರುತ್ತೆ. 0.85 ವೋಲ್ಟಿನ ಚುಕ್ಕಿಯನ್ನ 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರ ಬಲಗಡೆದೆಲ್ಲ ಅಷ್ಟಕ್ಕೇ ಚಪ್ಪಟೆ ಮಾಡಿದೆ. ಹತ್ತು ನಿಮಿಷದ ಪರೀಕ್ಷೆ ಪಾಸು. ಅದನ್ನ ನಂಬೋ ಹಾಗಿಲ್ಲ. ವೋಲ್ಟೇಜು ಸಾಲದ ಚಿಪ್ಪು ತಕ್ಷಣ ಸಾಯಲ್ಲ, ಎರಡು ಮೂರು ಗಂಟೆ ಆದಮೇಲೆ ಡ್ರೈವರು ಬೀಳುತ್ತೆ, ಇಲ್ಲಾ ಲೆಕ್ಕ ತಪ್ಪುತ್ತೆ. ಹಾಗಾಗಿ ಅಜ್ಜಿಯ ಒಂದೂವರೆ ಗಂಟೆಯ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ಕೊಟ್ಟು ರಾತ್ರಿಯಿಡೀ ಓಡಿಸ್ದೆ. ಎರಡನೇ ರಾತ್ರಿ ಡ್ರೈವರು ಬಿತ್ತು. 0.875ಕ್ಕೆ ಏರಿಸಿದ ಮೇಲೆ ಬಿದ್ದಿಲ್ಲ. ಈಗ ಕಾರ್ಡು ಎಳೆಯೋದು 125 ವ್ಯಾಟ್ ಆಸುಪಾಸು, ಬಿಸಿ 68 ಡಿಗ್ರಿ. ಕೆಲಸ ಮುಗಿಯೋ ಹೊತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಲಿನಕ್ಸಿನಲ್ಲಿ ಆ ಗೆರೆ ಎಳೆಯೋ ಸುಖ ಇಲ್ಲ. ಎನ್ವಿಡಿಯಾ-ಎಸ್‌ಎಂಐ ಆಜ್ಞೆಯಲ್ಲಿ ಪವರ್ ಮಿತಿಯನ್ನ 120 ವ್ಯಾಟಿಗೆ ಕಟ್ಟಬಹುದು, ರೀಬೂಟ್ ಆದಾಗಲೆಲ್ಲ ಮತ್ತೆ ಕಟ್ಟಬೇಕು. ವೇಗ ಸ್ವಲ್ಪ ಬೀಳುತ್ತೆ, ಆದರೆ ಡ್ರೈವರು ಬೀಳೋ ಭಯ ಇಲ್ಲ. ಸುಮ್ನೆ ತಲೆನೋವು ಬೇಡ ಅನ್ನೋರಿಗೆ ನಾನು ಇದನ್ನೇ ಹೇಳ್ತೀನಿ.

ಹೋದ ವಾರ ಒಂದೇ ರಾತ್ರಿ ನಾಲ್ಕು ಸಲ ಕರೆಂಟು ಹೋಗಿ ಬಂತು. ಅಪ್ಪ ಪ್ರತಿ ಸಲ ಎದ್ದು ಟಾರ್ಚ್ ಹಾಕಿ ಬಂದು ನೋಡಿದ್ರು, "ಓಡ್ತಾ ಇದೆ, ಮಲಕ್ಕೋ" ಅಂದ್ರು. ಬೆಳಿಗ್ಗೆ ಎದ್ದಾಗ ಫೈಲು ಪೂರ್ತಿ ಕೂತಿತ್ತು.

ಎಪ್ಪತ್ತರಲ್ಲಿ ನಲವತ್ತೆಂಟು ಮುಗಿದಿವೆ. ಬೆಳಿಗ್ಗೆ ಕಾಫಿ ಆದಮೇಲೆ ಜಗಲಿ ಮೇಲೆ ಕೂತು ಅರ್ಧ ಗಂಟೆ ಓದಿ ಹೇಳ್ತೀನಿ, ಅಜ್ಜಿ ತಿದ್ದುತ್ತೆ. ಸದ್ಯ ಒಂದು ಮದುವೆ ದಿಬ್ಬಣದ ಕತೇಲಿದ್ದೀವಿ. ಹೊಳೆ ತುಂಬಿ ಗಾಡಿಗಳೆಲ್ಲ ಈಚೆ ದಡದಲ್ಲೇ ನಿಂತ ಕತೆ. ಯಾರ ಮದುವೆ ಅಂತ ಕೇಳಿದ್ರೆ ಅಜ್ಜಿಗೆ ಈಗ ಹೊಳೀತಿಲ್ಲ. ರೆಕಾರ್ಡಿಂಗಿನಲ್ಲಿ ಹೆಸರು ಬರೋ ಕಡೆ ಕೋಳಿ ಕೂಗಿದೆ, ವಿಸ್ಪರಿಗೂ ಕೇಳಿಸಿಲ್ಲ. ನಾಳೆ ಆ ತುಣುಕನ್ನೇ ಹೆಡ್‌ಫೋನ್ ಹಾಕಿ ಅಜ್ಜಿಗೆ ಕೇಳಿಸಬೇಕು.