ಅಲೆಯೊಂದು, ಅಳತೆ ಹಲವು

ತರಂಗಾಂತರವೆಂಬ ಶಬ್ದವು ನಮ್ಮ ತಲೆಮಾರಿನವರ ಕಿವಿಗೆ ಮೊದಲು ಬಿದ್ದದ್ದು ಪಾಠದ ಪುಸ್ತಕದಿಂದಲ್ಲ, ಬಾನುಲಿಯಿಂದ. ಕಾರ್ಯಕ್ರಮದ ಆರಂಭದಲ್ಲಿ ಉದ್ಘೋಷಕರು ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಸ್ ಎಂದು ಗಂಭೀರವಾಗಿ ಹೇಳುತ್ತಿದ್ದರು. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಎಂಬುದು ಸುಮಾರು 490 ಮೀಟರ್ ಆಗುತ್ತದೆ. ಇದರ ಲೆಕ್ಕ ಸುಲಭ. ಈ ಅಲೆಗಳು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ, ಆ ಸಂಖ್ಯೆಯನ್ನು 612ರಿಂದ ಭಾಗಿಸಿದರೆ ಒಂದು ಅಲೆಯ ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವು ಮೀಟರುಗಳಲ್ಲಿ ದೊರೆಯುತ್ತದೆ. ವಿಜ್ಞಾನದ ಪುಸ್ತಕಗಳು ಇದನ್ನೇ ತರಂಗದೂರವೆನ್ನುತ್ತವೆ. ಕನ್ನಡದ ಅಧ್ಯಾಪಕನಾಗಿದ್ದ ನನಗೆ ಈ ಎರಡನೆಯ ಶಬ್ದವೇ ಹೆಚ್ಚು ಮೆಚ್ಚಿಗೆ. ರೂಪಾಂತರ, ಭಾಷಾಂತರಗಳಲ್ಲಿ 'ಅಂತರ'ಕ್ಕೆ 'ಬೇರೆ' ಎಂಬ ಅರ್ಥವಿದೆ. 'ದೂರ'ದಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ.

ಬಾನುಲಿಯ ಅಲೆಗೂ ಬೆಳಕಿನ ಅಲೆಗೂ ಜಾತಿ ಒಂದೇ. ಗಾತ್ರದಲ್ಲಿ ಮಾತ್ರ ಅಜಗಜಾಂತರ. ಉಪ್ಪು ಬೆರೆತ ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ನೀಲಿಯ ಉರಿ ಒಮ್ಮೆಲೇ ಹಳದಿಯಾಗುವುದನ್ನು ನೀವು ಕಂಡಿರಬಹುದು. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬೆಳಕು. ಆ ಹಳದಿಯಲ್ಲಿ ಒತ್ತೊತ್ತಾಗಿ ನಿಂತ ಎರಡು ರೇಖೆಗಳಿವೆ. ಹಳೆಯ ಭೌತಶಾಸ್ತ್ರದ ಪುಸ್ತಕಗಳು ಅವುಗಳ ತರಂಗದೂರವನ್ನು 5890 ಮತ್ತು 5896 ಎಂದು ಕೊಡುತ್ತವೆ. ಈಗಿನ ಪುಸ್ತಕಗಳು 589.0 ಮತ್ತು 589.6 ಎನ್ನುತ್ತವೆ.

ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದ ಒಂದು ದಿನ ಅವರ ತರಗತಿಗೆ ನಾನು ಹೋಗಬೇಕಾಯಿತು. ಅಣ್ಣನ ಹಳೆಯ ಪುಸ್ತಕವನ್ನೂ ತನ್ನ ಹೊಸ ಪುಸ್ತಕವನ್ನೂ ಮುಂದಿಟ್ಟುಕೊಂಡಿದ್ದ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಇವೆರಡರಲ್ಲಿ ನಿಜ ಯಾವುದು?" ಎಂದು ಕೇಳಿದಳು. ಎರಡೂ ನಿಜವೆಂದು ಹೇಳಿ ಕುಳ್ಳಿರಿಸುವುದು ಸುಲಭವಾಗಿತ್ತು. ಆದರೆ ಅವಳ ಪ್ರಶ್ನೆ ಅದಕ್ಕಿಂತ ದೊಡ್ಡದು. ಮಾನವನ್ನು ಹೇಳದೆ ಸಂಖ್ಯೆಯನ್ನಷ್ಟೇ ಹೇಳಿದರೆ ಅದು ಯಾವುದರ ಸಂಖ್ಯೆ? "ನಿಮ್ಮ ಮನೆಯ ಹಿತ್ತಿಲು ಎಷ್ಟುದ್ದ?" ಎಂದು ಕೇಳಿದೆ. ಮೊಳದಲ್ಲಿ ಅಳೆದರೆ ಇಪ್ಪತ್ತು, ಗೇಣಿನಲ್ಲಿ ಅಳೆದರೆ ನಲವತ್ತು ಎಂದಳು. ಅಳತೆಯ ಕೋಲು ಚಿಕ್ಕದಾದಂತೆ ಸಂಖ್ಯೆ ಬೆಳೆಯುತ್ತದೆ. ಹಿತ್ತಿಲು ಇದ್ದಷ್ಟೇ ಇರುತ್ತದೆ.

ಮೀಟರ್ ಪದ್ಧತಿಯ ಸೊಗಸು ಇಲ್ಲಿಯೇ ಇದೆ. ಸೇರು, ಪಾವು, ಚಟಾಕುಗಳ ಕಾಲದಲ್ಲಿ ಒಂದೊಂದು ಮೆಟ್ಟಿಲಿಗೂ ಒಂದೊಂದು ಗುಣಕವನ್ನು ಬಾಯಿಪಾಠ ಮಾಡಬೇಕಾಗಿತ್ತು. ಇಲ್ಲಿ ಮೀಟರಿನ ಸಾವಿರದಲ್ಲೊಂದು ಪಾಲು ಮಿಲಿಮೀಟರ್. ಅದರ ಸಾವಿರದಲ್ಲೊಂದು ಪಾಲು ಮೈಕ್ರೋಮೀಟರ್, ಅಂದರೆ ಹಳಬರು ಮೈಕ್ರಾನ್ ಎನ್ನುತ್ತಿದ್ದುದು. ಅದರ ಸಾವಿರದಲ್ಲೊಂದು ಪಾಲು ನ್ಯಾನೋಮೀಟರ್. ನ್ಯಾನೋಮೀಟರಿನ ಹತ್ತರಲ್ಲೊಂದು ಪಾಲು ಆಂಗ್‌ಸ್ಟ್ರಾಮ್. ಸಾವಿರದ ಮೆಟ್ಟಿಲುಗಳ ನಡುವೆ ಹತ್ತರ ಈ ಪುಟ್ಟ ಮೆಟ್ಟಿಲೊಂದೇ ಹೊರಗಿನದು. ಹೀಗಾಗಿ 5890 ಆಂಗ್‌ಸ್ಟ್ರಾಮ್, 589.0 ನ್ಯಾನೋಮೀಟರ್, 0.5890 ಮೈಕ್ರೋಮೀಟರ್, 0.0005890 ಮಿಲಿಮೀಟರ್ ಎಲ್ಲವೂ ಒಂದೇ ದೂರ. ಅಂಕಿಗಳು ಕದಲುವುದಿಲ್ಲ, ಬಿಂದು ಮಾತ್ರ ಸ್ಥಳ ಬದಲಿಸುತ್ತದೆ.

ಆದರೆ ಬಿಂದುವನ್ನು ಸರಿಸುವ ಕೈಯ ಹಿಂದೆ ಕಣ್ಣೂ ಇರಬೇಕು. ಇಲ್ಲವಾದರೆ ಒಂದು ಮನೆ ಆಚೀಚೆಯಾದರೂ ಅರಿವಿಗೆ ಬಾರದು. ಒಂದು ಮಿಲಿಮೀಟರಿನೊಳಗೆ ಸೋಡಿಯಮ್ ಬೆಳಕಿನ ಸುಮಾರು 1,700 ಅಲೆಗಳು ಹಿಡಿಸುತ್ತವೆ. ತಲೆಗೂದಲಿನ ದಪ್ಪವನ್ನು 70 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, ಅದರ ಅಡ್ಡಗಲದಲ್ಲಿ ಹೆಚ್ಚುಕಡಿಮೆ 120 ಅಲೆಗಳು ಸಾಲುಗಟ್ಟುತ್ತವೆ. ಲೆಕ್ಕದ ಉತ್ತರದಲ್ಲಿ ಕೂದಲೆಳೆಗೆ ಹನ್ನೆರಡೇ ಅಲೆಗಳು ಬಂದರೆ ಬಿಂದು ದಾರಿ ತಪ್ಪಿದೆಯೆಂದು ತಿಳಿಯಬೇಕು. ಆ ಹುಡುಗಿ ಗೇಣಿಗೆ ಎಷ್ಟು ಅಲೆಗಳೆಂದು ತಾನಾಗಿಯೇ ಲೆಕ್ಕಹಾಕಿ, ಸುಮಾರು ನಾಲ್ಕು ಲಕ್ಷವೆಂದು ಕಂಡು, ತನ್ನ ಕೈಯನ್ನೇ ನೋಡುತ್ತ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ.

ಈ ಕಿರುಮಾನಕ್ಕೆ ತಮ್ಮ ಹೆಸರನ್ನು ಕೊಟ್ಟವರು ಸ್ವೀಡನ್ನಿನ ಉಪ್ಸಾಲಾ ನಗರದ ಆಂಡರ್ಸ್ ಆಂಗ್‌ಸ್ಟ್ರಾಮ್. ಸೂರ್ಯನ ಬೆಳಕಿನಲ್ಲಿ ಕಾಣುವ ಸಾವಿರಕ್ಕೂ ಹೆಚ್ಚು ಕಪ್ಪು ರೇಖೆಗಳ ತರಂಗದೂರಗಳನ್ನು ಅಳೆದು, ಮಿಲಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮಾನವಾಗಿಟ್ಟುಕೊಂಡು ಅವರು 1868ರಲ್ಲಿ ಪ್ರಕಟಿಸಿದರು. ಅವರ ನೋಟ ಚುರುಕಾಗಿತ್ತು, ಕೈ ಸ್ಥಿರವಾಗಿತ್ತು. ಆದರೂ ಆ ಪಟ್ಟಿಯಲ್ಲಿ ಏಳೆಂಟು ಸಾವಿರದಲ್ಲಿ ಒಂದು ಪಾಲಿನಷ್ಟು ದೋಷ ಉಳಿಯಿತು. ಅವರು ಆಧಾರವಾಗಿಟ್ಟುಕೊಂಡಿದ್ದ ಮೀಟರ್ ಕೋಲಿನ ಉದ್ದವೇ ಸರಿಯಾಗಿ ನಿರ್ಧಾರವಾಗಿರಲಿಲ್ಲ! ಸೋಡಿಯಮ್ಮಿನ ರೇಖೆಗೆ ಇದನ್ನು ಅನ್ವಯಿಸಿದರೆ ವ್ಯತ್ಯಾಸವು ಒಂದು ಆಂಗ್‌ಸ್ಟ್ರಾಮಿನ ಒಳಗೇ ನಿಲ್ಲುತ್ತದೆ. ಆದರೆ ಸೂಕ್ಷ್ಮಮಾಪನದಲ್ಲಿ ಅದು ಅಲ್ಪವಲ್ಲ. 1874ರಲ್ಲಿ ತೀರಿಕೊಳ್ಳುವ ಮೊದಲೇ ಅವರಿಗೆ ಈ ಸಂಗತಿ ತಿಳಿದಿತ್ತು. ತಿದ್ದುಪಡಿಯನ್ನು 1884ರಲ್ಲಿ ಹೊರತಂದವರು ಅವರ ಸಹೋದ್ಯೋಗಿ ತಾಲೇನ್. ಮಾನಗಳ ನಡುವಿನ ಗುಣಾಕಾರ, ಭಾಗಾಕಾರಗಳೆಲ್ಲ ನಿರ್ದುಷ್ಟವಾಗಿದ್ದರೂ ಬುಡದ ಕೋಲು ಸೊಟ್ಟಗಿದ್ದರೆ ಮೇಲಿನ ಲೆಕ್ಕವೆಲ್ಲ ಅದರೊಡನೆ ವಾಲುತ್ತದೆ.

ಹಾಗಾದರೆ ಕೋಲಿನಿಂದ ಬೆಳಕನ್ನು ಅಳೆಯುವ ಬದಲು ಬೆಳಕಿನಿಂದಲೇ ಕೋಲನ್ನು ಏಕೆ ಅಳೆಯಬಾರದು? ಅಮೆರಿಕದ ಮೈಕೆಲ್‌ಸನ್ ಅವರು 1892-93ರಲ್ಲಿ ಪ್ಯಾರಿಸ್ ಸಮೀಪದ ಸೆವ್ರ್ ಎಂಬಲ್ಲಿ ಅದನ್ನೇ ಮಾಡಿ ತೋರಿಸಿದರು. ಅಲ್ಲಿ ಕಾಪಾಡಿಟ್ಟಿದ್ದ ಮೀಟರಿನ ಉದ್ದದಲ್ಲಿ ಕ್ಯಾಡ್ಮಿಯಮ್ಮಿನ ಕೆಂಪು ಬೆಳಕಿನ 15,53,163.5 ಅಲೆಗಳಿವೆಯೆಂದು ಅವರ ಲೆಕ್ಕ ಹೇಳಿತು. 1960ರಲ್ಲಿ ಲೋಹದ ಕೋಲು ತನ್ನ ಅಧಿಕಾರವನ್ನು ಕಳೆದುಕೊಂಡಿತು. ಕ್ರಿಪ್ಟಾನ್-86ರ ಕಿತ್ತಳೆಗೆಂಪು ಬೆಳಕಿನ 16,50,763.73 ತರಂಗದೂರಗಳೇ ಒಂದು ಮೀಟರ್ ಎಂದು ನಿಶ್ಚಯವಾಯಿತು. 1983ರಲ್ಲಿ ಅದೂ ಬದಲಾಗಿ, ನಿರ್ವಾತದಲ್ಲಿ ಬೆಳಕು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನ ಅವಧಿಯಲ್ಲಿ ಕ್ರಮಿಸುವ ದೂರಕ್ಕೆ ಮೀಟರ್ ಎಂಬ ಹೆಸರಾಯಿತು. ಅಂಗಡಿಯಲ್ಲಿ ಬಟ್ಟೆಯನ್ನು ಅಳೆಯುವ ಕಬ್ಬಿಣದ ಪಟ್ಟಿಯ ಉದ್ದವೂ ಈಗ ಬೆಳಕಿನ ನಡಿಗೆಯಿಂದಲೇ ನಿರ್ಧಾರವಾದುದು.