ಪತ್ತಾರ ಕಾಕಾನ ತಕ್ಕಡಿಯಲ್ಲಿ ಒಂದು ಮೌಸ್

ಎಳ್ಳ ಅಮಾವಾಸ್ಯೆಗೆ ಊರಿಗೆ ಹೊರಡುವ ದಿನ ಬೆಳಿಗ್ಗೆ ತಮ್ಮನ ಮೆಸೇಜ್ ಬಂತು. ‘ಅಕ್ಕಾ, ಬರೋವಾಗ ನಿನ್ನ ವೈರ್‌ಲೆಸ್ ಮೌಸ್ ತಗೊಂಡ್ ಬಾ. ನಾಕ್ ದಿನ ಆಡಿ ನೋಡ್ತೀನಿ. ಹೊಸಾದು ತಗೋಬೇಕಂತ ಮಾಡೀನಿ.’

ತಮ್ಮ ಅಂದರೆ ನಮ್ಮ ಕಾಕಾನ ಮಗ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದಾನೆ. ಜನವರಿಯಲ್ಲಿ ಅವನ ಕಾಲೇಜಿನ ಹುಡುಗರೆಲ್ಲ ಸೇರಿ ವ್ಯಾಲೊರಂಟ್ ಪಂದ್ಯ ಇಟ್ಟುಕೊಂಡಿದ್ದರು. ಐದು ಜನರ ತಂಡದಲ್ಲಿ ಇವನೂ ಒಬ್ಬ. ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದ ಅಗ್ಗದ ಮೌಸ್ ಮೂರೇ ತಿಂಗಳಿಗೆ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಆಡತೊಡಗಿತ್ತಂತೆ. ಈ ಸಲ ಅವನ ಹತ್ತಿರ ಇದ್ದದ್ದು 2,000 ರೂಪಾಯಿ. ಅದರಲ್ಲಿ ಅರ್ಧ ಅವನ ಉಳಿತಾಯ, ಉಳಿದರ್ಧ ಕಾಕು ಬ್ಲೌಸ್ ಹೊಲಿದು ಕೂಡಿಟ್ಟಿದ್ದು.

ರಾತ್ರಿ ಬೆಂಗಳೂರಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಲಬುರಗಿ. ಅಲ್ಲಿಂದ ಆಳಂದಕ್ಕೆ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಕಡಗಂಚಿ ಬರುತ್ತದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಹುಡುಗರು ಅಲ್ಲಿ ಇಳಿದರೆ ಬಸ್ಸು ಅರ್ಧ ಖಾಲಿ. ಆಳಂದದಲ್ಲಿ ಬಸ್ ಬದಲಿಸಿ ಕೂತರೆ ಎರಡೂ ಕಡೆ ಕರಿ ಭೂಮಿ, ತೊಗರಿ, ಬಿಳಿಜೋಳ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಟ್ಯಾಗ್ ಮಳೆ ತಡೆಯುವುದಿಲ್ಲವಲ್ಲ, ನಮ್ಮ ಹೊಲದಲ್ಲಿ ಈ ಸಲ ನೀರು ನಿಂತು ತೊಗರಿ ಅರ್ಧಕ್ಕರ್ಧ ಹೋಗಿತ್ತು.

ಮಾದನಹಿಪ್ಪರಗಾ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಅಕ್ಕಲಕೋಟ, ಸೊಲ್ಲಾಪುರ ನಮ್ಮವರಿಗೆ ಬೇರೆ ರಾಜ್ಯ ಅಂತ ಅನ್ನಿಸುವುದೇ ಇಲ್ಲ. ಮದುವೆ ಜವಳಿಗೆ ಸೊಲ್ಲಾಪುರ, ಆಫೀಸಿನ ಕೆಲಸಕ್ಕೆ ಆಳಂದ, ಓದಲಿಕ್ಕೆ ಕಲಬುರಗಿ. ಮಾತಿನಲ್ಲಿ ಕನ್ನಡದ ಜೊತೆ ಮರಾಠಿಯೂ ಉರ್ದುವೂ ಕೇಳದೆಯೇ ಬಂದು ಕೂತಿರುತ್ತವೆ.

ಮನೆ ಮುಟ್ಟಿ ಬ್ಯಾಗಿನಿಂದ ಮೌಸ್ ತೆಗೆದು ತಮ್ಮನ ಕೈಗೆ ಕೊಟ್ಟಿದ್ದೇ ತಡ, ಕಾಕು ಹೊಲಿಗೆ ನಿಲ್ಲಿಸಿ ತಿರುಗಿದಳು. ‘ಮನ್ಯಾಗ ಇಲಿ ಹಿಡಿಲಕ್ಕ ನೂರು ರೂಪಾಯಿ ಬೋನು ತರ್ತೀವಿ. ಇಂವ ಎರಡು ಸಾವಿರ ಕೊಟ್ಟು ಇಲೀನೇ ತರ್ತಾನಂತ!’

ಎಲ್ಲರೂ ನಕ್ಕೆವು. ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

ಅವನಿಗೆ ಬೇಕಿದ್ದದ್ದು 49 ಗ್ರಾಂ ತೂಕದ್ದು. ಫೋನಿನಲ್ಲಿ ಹತ್ತಾರು ವಿಡಿಯೊ ಸೇವ್ ಮಾಡಿಟ್ಟುಕೊಂಡಿದ್ದ. ನಾನು ಒಯ್ದದ್ದು ಲಾಜಿಟೆಕ್ ಜಿ304. ಕಂಪನಿ ಲೆಕ್ಕದಲ್ಲಿ 99 ಗ್ರಾಂ. ‘ಇದು ಕಲ್ಲು ಇದ್ದಂಗ ಅದ ಅಕ್ಕಾ’ ಅಂದ. ನನಗೆ ಸ್ವಲ್ಪ ಸಿಟ್ಟೇ ಬಂತು. ‘ಮೊದಲು ನೀ ಹೆಂಗ ಆಡ್ತಿ ತೋರಿಸು’ ಅಂದೆ.

ಅವನು ಆಡುತ್ತಿದ್ದದ್ದು ಕಾಕುನ ಹೊಲಿಗೆ ಮಷೀನಿನ ಹಲಗೆಯ ಮೇಲೆ! ಮಷೀನು ಬಿಟ್ಟು ಉಳಿದ ಜಾಗದಲ್ಲಿ ಲ್ಯಾಪ್‌ಟಾಪ್. ಮೌಸಿಗೆ ಸಿಕ್ಕಿದ್ದು ಒಂದು ಗೇಣು. ಅಷ್ಟರಲ್ಲೇ ಹಿಂದೆ ಮುಂದೆ ತಿರುಗಬೇಕಲ್ಲ, ಅದಕ್ಕೇ ಡಿಪಿಐ 1600 ಇಟ್ಟು ಆಟದೊಳಗಿನ ಸೆನ್ಸಿಟಿವಿಟಿ 1 ಮಾಡಿಕೊಂಡಿದ್ದ. ಹಾಗೆ ಇಟ್ಟರೆ ಆಟದಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಸರಿಸಬೇಕಾದದ್ದು 8 ಸೆಂಟಿಮೀಟರ್. ನಾಲ್ಕೇ ಬೆರಳು! ಬೆರಳು ನಡುಗಿದರೂ ಗುರಿ ಎದುರಾಳಿಯ ತಲೆಯಿಂದ ಗೋಡೆಗೆ ಹೋಗಿಬಿಡುತ್ತದೆ.

ಪೈಪೋಟಿಯ ಮಟ್ಟದಲ್ಲಿ ಈ ಆಟ ಆಡುವವರಲ್ಲಿ ಬಹುಪಾಲು ಜನ ಡಿಪಿಐ ಮತ್ತು ಸೆನ್ಸಿಟಿವಿಟಿ ಗುಣಿಸಿದರೆ 200ರಿಂದ 400ರ ನಡುವೆ ಬರುವಂತೆ ಇಟ್ಟುಕೊಳ್ಳುತ್ತಾರೆ. ಇವನದು 1600. ಉದಾಹರಣೆಗೆ 800 ಡಿಪಿಐ, 0.35 ಸೆನ್ಸಿಟಿವಿಟಿ ಇಟ್ಟರೆ 280. ಆಗ ಒಂದು ಸುತ್ತಿಗೆ ಸುಮಾರು 47 ಸೆಂಟಿಮೀಟರ್, ಅಂದರೆ ಒಂದು ಮೊಳಕ್ಕಿಂತ ತುಸು ಜಾಸ್ತಿ. ಮಣಿಕಟ್ಟಿನಿಂದ ಆಗುವ ಕೆಲಸವಲ್ಲ ಅದು, ಇಡೀ ತೋಳು ಆಡಬೇಕು. ಮೌಸನ್ನು ಎತ್ತಿ ಎತ್ತಿ ಹಿಂದಕ್ಕೆ ಇಡಬೇಕು. ಒಂದು ಪಂದ್ಯದಲ್ಲಿ ನೂರಾರು ಸಲ.

ಹಗುರ ಮೌಸಿನ ಮಾತು ಬರುವುದು ಇಲ್ಲಿ. ಮೊಳದುದ್ದ ಎಳೆದು ತಟ್ಟನೆ ನಿಲ್ಲಿಸಬೇಕಾದಾಗ, ಎತ್ತಿ ಇಡಬೇಕಾದಾಗ 40 ಗ್ರಾಂ ಕಮ್ಮಿ ಇದ್ದರೆ ಕೈಗೆ ನಿಜವಾಗಿಯೂ ಗೊತ್ತಾಗುತ್ತದೆ. ನಾಲ್ಕು ಬೆರಳಿನಷ್ಟು ಜಾಗದಲ್ಲಿ ಆಡುವವನಿಗೆ 49 ಆದರೇನು, 99 ಆದರೇನು? ಮೊದಲು ಜಾಗ ಬೇಕು, ಆಮೇಲೆ ತೂಕ.

ಮರುದಿನ ಎಳ್ಳ ಅಮಾಸಿ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಶೇಂಗಾ ಹೋಳಿಗೆ. ಉಣ್ಣುತ್ತ ಕೂತಾಗ ಕಾಕು ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು: ‘ಖರೇ ಹೇಳು. ಇದು ರಮ್ಮಿ ಇದ್ದಂಗ ರೊಕ್ಕದ ಆಟ ಅಲ್ಲಲ್ಲ? ನಮ್ಮ ಓಣ್ಯಾಗ ಒಬ್ಬ ಹುಡುಗ ಹಂಗೇ ಆಡಿ ಅವರವ್ವನ ಬೋರಮಾಳ ಒತ್ತಿ ಇಟ್ಟಾನ.’

ಇಲಿ, ಬೋನು ಅಂತ ನಗಿಸಿದವಳ ಹೊಟ್ಟೆಯೊಳಗೆ ಇದ್ದದ್ದು ಈ ಭಯ. ನಾನು ಗೊತ್ತಿದ್ದಷ್ಟು ಹೇಳಿದೆ. 2025ರಲ್ಲಿ ಕೇಂದ್ರ ಸರ್ಕಾರ ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಗುರುತಿಸುತ್ತದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕಗಳೂ ಇದ್ದವು. ತಮ್ಮನ ಆಟದಲ್ಲಿ ಪಣ ಕಟ್ಟುವುದಿಲ್ಲ. ಆದರೆ ಓದಿನ ಹೊತ್ತನ್ನು ತಿನ್ನುತ್ತದೆಯೋ ಇಲ್ಲವೋ ಅನ್ನುವುದಕ್ಕೆ ಕಾಯ್ದೆ ಉತ್ತರ ಕೊಡುವುದಿಲ್ಲ ಅಂತಲೂ ಹೇಳಿದೆ. ಕಾಕು ಬಹಳ ಹೊತ್ತು ತೊಗರಿ ಸಾಲು ನೋಡುತ್ತ ಕೂತಳು. ‘ಪರೀಕ್ಷಾದಾಗ ನಪಾಸಾದ್ರ ಇಲೀನೂ ಬೋನಿನ್ಯಾಗ, ಇಂವನೂ ಬೋನಿನ್ಯಾಗ’ ಅಂದಳು. ಅದು ಒಪ್ಪಿಗೆ ಅಂತ ನಾನು ತಿಳಿದುಕೊಂಡೆ.

ಸಂಜೆ ಪಡಸಾಲೆಯಲ್ಲಿದ್ದ ಮುತ್ಯಾನ ಕಾಲದ ಮೇಜಿನಿಂದ ಟ್ರಂಕುಗಳನ್ನು ಇಳಿಸಿದೆವು. ಮೇಜಿನ ಮೇಲೆ ದಪ್ಪ ಬಟ್ಟೆ ಬಿಗಿಯಾಗಿ ಎಳೆದು ಪಿನ್ನು ಹಚ್ಚಿದೆವು. 800, 0.35 ಇಟ್ಟು ಆಡಲು ಕೂರಿಸಿದೆ. ಮೊದಲ ದಿನ ಸತ್ತದ್ದೇ ಸತ್ತದ್ದು. ಎರಡನೆಯ ದಿನ ಗುರಿ ನಿಲ್ಲತೊಡಗಿತು. ಮೂರನೆಯ ದಿನ ಭುಜ ಹಿಡಿದುಕೊಂಡು ಬಂದ: ‘ಈಗ ತೂಕ ಗೊತ್ತಾಗ್ಲತ್ತದ ಅಕ್ಕಾ.’

ಹಾಗಾದರೆ ಎಷ್ಟು ಇಳಿಸಬಹುದು ನೋಡೇಬಿಡೋಣ ಅಂತ ಇಬ್ಬರೂ ಪತ್ತಾರ ಕಾಕಾನ ಅಂಗಡಿಗೆ ಹೋದೆವು. ಊರಲ್ಲಿ ಗ್ರಾಂ ಲೆಕ್ಕಕ್ಕೆ ನಂಬಬೇಕಾದದ್ದು ಅವನ ತಕ್ಕಡಿಯನ್ನೇ. ಬಂಗಾರ ಇಡುವ ತಟ್ಟೆಯಲ್ಲಿ ಮೌಸ್ ಇಟ್ಟಾಗ ಕಾಕಾ ಕನ್ನಡಕ ಸರಿಮಾಡಿಕೊಂಡ. ‘ಇದರಾಗ ಬಂಗಾರ ಅದ ಏನು?’ ಆಮೇಲೆ ಅಂಕಿ ನೋಡಿ, ‘ಹತ್ತು ತೊಲಿಗಿ ಸ್ವಲ್ಪ ಕಮ್ಮಿ’ ಅಂದ. ನಮ್ಮ ಕಡೆ ವ್ಯಾಪಾರದಲ್ಲಿ ತೊಲಿ ಅಂದರೆ ಹತ್ತು ಗ್ರಾಂ. ಒಳಗಿನ ಪೆನ್ಸಿಲ್ ಸೆಲ್ ಒಂದೇ 23 ಗ್ರಾಂ ಇತ್ತು. ಅದರ ಬದಲು ಸಣ್ಣ ಪೆನ್ಸಿಲ್ ಸೆಲ್ಲನ್ನು ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಿ ಹಾಕಿದರೆ ಒಟ್ಟು ತೂಕ 90ರ ಹತ್ತಿರ ಬಂತು. ನಿಮ್ಮ ಹತ್ತಿರ ಸೆಲ್ಲಿನ ಮೌಸ್ ಇದ್ದರೆ ಈ ಉಪಾಯಕ್ಕೆ ಖರ್ಚು ಕಮ್ಮಿ. ಸಣ್ಣ ಸೆಲ್ಲು ಬೇಗ ಮುಗಿಯುತ್ತದೆ ಅನ್ನುವುದು ನೆನಪಿರಲಿ.

ನನ್ನ ವಾದ ಸಿದ್ಧವಾಗಿತ್ತು. ನಮ್ಮೂರಲ್ಲಿ ಲೈಟ್ ಹೋಗುವುದು ಇದ್ದದ್ದೇ. ಒಳಗೇ ಬ್ಯಾಟರಿ ಇರುವ ಮೌಸ್ ಚಾರ್ಜ್ ಇಲ್ಲದೆ ಕೂತರೆ ಏನು ಮಾಡ್ತಿ? ಸೆಲ್ಲಾದರೆ ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ. ‘ಸೆಲ್ಲಿನದೇ ತಗೋ’ ಅಂದೆ.

ಅದೇ ರಾತ್ರಿ ಹತ್ತೂವರೆಗೆ, ಆಟದ ನಡುವೆ, ಆ ಸೆಲ್ಲು ಸತ್ತಿತು. ಅಂಗಡಿ ಮುಚ್ಚಿತ್ತು. ಐದು ನಿಮಿಷದಲ್ಲಿ ಮೌಸ್ ಮತ್ತೆ ಜೀವಂತ. ಹೇಗೆ ಅಂತ ನಾನು ಕೇಳಲಿಲ್ಲ. ಬೆಳಿಗ್ಗೆ ಕಾಕು ಎದ್ದಾಗ ಗೋಡೆ ಗಡಿಯಾರದಲ್ಲಿ ಇನ್ನೂ ಹತ್ತು ಮೂವತ್ತೈದು! ಅವಳು ಕಾಕಾನನ್ನು ಎಬ್ಬಿಸದೆ ಬಿಟ್ಟು, ಅವನಿಗೆ ಬಸ್ಸು ತಪ್ಪಿ, ಮನೆಯಲ್ಲಿ ಆದದ್ದನ್ನು ಬರೆಯುವುದು ಬೇಡ.

ಬೈಸಿಕೊಂಡ ಮೇಲೆ ತಮ್ಮ ನನ್ನ ಹತ್ತಿರ ಬಂದು ತಣ್ಣಗೆ ಹೇಳಿದ: ‘ಲೈಟ್ ಹೋಗಿ ಲ್ಯಾಪ್‌ಟಾಪೇ ಆರಿದ್ರ, ಮೌಸಿನ್ಯಾಗ ಸೆಲ್ ಇದ್ದು ಏನ್ ಮಾಡ್ಲಿ ಅಕ್ಕಾ? ಲ್ಯಾಪ್‌ಟಾಪ್ ಚಾಲೂ ಇದ್ರ ಚಾರ್ಜಿನ ಮೌಸಿಗಿ ವೈರ್ ಹಚ್ಚಿ ಆಡ್ತೀನಿ. ಚಾರ್ಜೂ ಆಗ್ತದ.’

ಬೆಂಗಳೂರಿನಲ್ಲಿ ಕೂತು ಊರಿನ ಕಷ್ಟ ಊಹಿಸಿ ಬುದ್ಧಿ ಹೇಳುವುದಕ್ಕೂ, ಅಲ್ಲೇ ಇದ್ದು ಲೆಕ್ಕ ಹಾಕುವುದಕ್ಕೂ ಇರುವ ವ್ಯತ್ಯಾಸ ಅದು. ನನಗೆ ಮರುಮಾತು ಬರಲಿಲ್ಲ.

ಆ ಮಧ್ಯಾಹ್ನ ಕೂತು ಇಬ್ಬರೂ ಪಟ್ಟಿ ಮಾಡಿದೆವು. ನಿಮಗೂ ಉಪಯೋಗಕ್ಕೆ ಬರಬಹುದು. ಬರೀ ಬ್ಲೂಟೂತ್ ಇರುವುದು ಪೈಪೋಟಿ ಆಟಕ್ಕೆ ಬೇಡ. ಅದು ಸಾಮಾನ್ಯವಾಗಿ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. 2.4 ಗಿಗಾಹರ್ಟ್ಸ್ ಡಾಂಗಲ್ ಇದ್ದು 1000 ಹರ್ಟ್ಸ್ ಅಂತ ಬರೆದಿದ್ದರೆ 1 ಮಿಲಿಸೆಕೆಂಡಿಗೊಮ್ಮೆ. ಅದಕ್ಕಿಂತ ಹೆಚ್ಚಿನ 4000, 8000ಕ್ಕೆ ದುಡ್ಡು ಸುರಿಯಬೇಡಿ. 60 ಹರ್ಟ್ಸ್ ಪರದೆಯ ಹಳೇ ಲ್ಯಾಪ್‌ಟಾಪ್ ಹೊಸ ಚಿತ್ರ ತೋರಿಸುವುದೇ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಡಬ್ಬಿ ಮೇಲಿನ 26,000 ಡಿಪಿಐ ಓದಿ ಮರುಳಾಗಬೇಡಿ, ನೀವು ಬಳಸುವುದು 800 ಅಥವಾ 1600. ಡಾಂಗಲ್ಲನ್ನು ಲ್ಯಾಪ್‌ಟಾಪಿನ ಹಿಂದೆ, ಪೆನ್‌ಡ್ರೈವ್ ಪಕ್ಕ ತುರುಕಬೇಡಿ. ಯುಎಸ್‌ಬಿ 3 ಸಾಧನಗಳು ಅದೇ ತರಂಗಕ್ಕೆ ಅಡ್ಡಿ ಮಾಡುತ್ತವೆ. ಒಂದು ಉದ್ದ ವೈರ್ ಹಾಕಿ ಮೌಸಿನ ಹತ್ತಿರ ಇಡಿ.

ಎಲ್ಲಕ್ಕಿಂತ ಮೊದಲು ಕೈ ಅಳೆಯಿರಿ. ತಮ್ಮನದು ಸಣ್ಣ ಅಂಗೈ, ಬೆರಳು ಮಡಚಿ ಹಿಡಿಯುತ್ತಾನೆ. ಅಂಥವರಿಗೆ 12 ಸೆಂಟಿಮೀಟರಿಗಿಂತ ಗಿಡ್ಡ, ಬೆನ್ನು ತಗ್ಗಿನದು ಒಗ್ಗುತ್ತದೆ. ಅಂಗೈ ಪೂರ್ತಿ ಊರುವವರಿಗೆ ಅದೇ ಮೌಸ್ ನೋವು ಕೊಡುತ್ತದೆ.

ಕೊನೆಗೆ ಅವನು 49 ಗ್ರಾಂ ಬಿಟ್ಟ. ಅದರ ವಾರಂಟಿಗೆ ಯಾರನ್ನು ಕೇಳಬೇಕು ಅನ್ನುವುದೇ ಎಲ್ಲೂ ಬರೆದಿರಲಿಲ್ಲ. 60 ಗ್ರಾಂ ಆಸುಪಾಸಿನ, ವೈರ್ ಹಚ್ಚಿಯೂ ಆಡಬಹುದಾದ, ಒಂದು ವರ್ಷ ವಾರಂಟಿ ಇರುವುದನ್ನು ಆರಿಸಿದ. 1,600 ರೂಪಾಯಿ. ಉಳಿದದ್ದರಲ್ಲಿ ಮೇಜಿನಗಲದ ಬಟ್ಟೆ ಮೌಸ್‌ಪ್ಯಾಡ್. ವಿಳಾಸ ಊರಿನದಲ್ಲ, ಕಲಬುರಗಿ ರೂಮಿನದು ಹಾಕಿದ. ವಾಪಸ್ ಕೊಡಬೇಕಾದರೆ ಅಲ್ಲಿ ಸುಲಭ. ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡು ಅಂತ ಮಾತ್ರ ನಾನು ಹೇಳಿದೆ.

ಜನವರಿಯಲ್ಲಿ ಫೋನ್ ಮಾಡಿದ. ಎರಡನೆಯ ಸುತ್ತಿನಲ್ಲಿ ಸೋತಿದ್ದರು. ‘ಮೌಸ್ ಹೆಂಗಿತ್ತು?’ ಅಂದೆ. ‘ಮೌಸ್ ಚಲೋ ಅದ ಅಕ್ಕಾ. ಎದುರಿನವರು ನಮಗಿಂತ ಚಲೋ ಆಡಿದ್ರು’ ಅಂದ. ಹಿಂದಿನ ಸಲ ಸೋತಾಗ ಮೌಸನ್ನು ಬೈದಿದ್ದ ಹುಡುಗ ಇವನು.

ಅಷ್ಟರಲ್ಲಿ ಹಿಂದಿನಿಂದ ಕಾಕುನ ದನಿ. ಊರಿಗೆ ಬಂದಿದ್ದಾನೆ ಅಂತ ಆಗ ಗೊತ್ತಾಯಿತು. ‘ಅಕ್ಕಗ ಕೇಳು, ಮುಂದಿನ ಸಲ ಬರೋವಾಗ ನನ್ನ ಮಷೀನಿಗಿ ಒಂದು ಸಣ್ಣ ಮೋಟಾರ್ ಹಾಕ್ಸಿದ್ರ ಎಷ್ಟಾಗ್ತದ ನೋಡ್ಕೊಂಡು ಬಾ ಅನ್ನು. ಹಗುರಂದೇ ಇರ್ಲಿ. ನನಗೂ ಭುಜ ನೋಯ್ತದ.’

ಆ ಪಟ್ಟಿ ಈಗ ಮಾಡುತ್ತಿದ್ದೇನೆ.