ಹಿಮದಾಗ ಮಿಯಾಟಾ

ನವೆಂಬರ್ ಬಂತು ಅಂದ್ರೆ ಡೆಟ್ರಾಯಿಟ್ ಸುತ್ತಲಿನ ನಮ್ಮ ಕನ್ನಡದ ಮಂದಿ ನನಗೆ ಕೇಳೋ ಪ್ರಶ್ನೆ ಒಂದೇ: "ಈ ಚಳಿಗಾಲಕ್ಕೂ ಅದೇ ಕಾರಾ?" ಪಂಪ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕೇಳ್ತಾರೆ, ಆಫೀಸಿನ ಪಾರ್ಕಿಂಗಿನಲ್ಲಿ ಕೇಳ್ತಾರೆ. ಹೌದು, ಅದೇ ಕಾರು. ಮಜ್ದಾ ಮಿಯಾಟಾ. ಎರಡೇ ಸೀಟು, ಆರು ಗೇರು, ಮಡಚಿ ಹಿಂದಕ್ಕೆ ಸರಿಸೋ ಬಟ್ಟೆಯ ಮಾಡು, ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಎರಡು ಗಾಲಿಗೆ. ತೂಕ ಒಂದು ಟನ್ನಿಗಿಂತ ತುಸು ಜಾಸ್ತಿ. ನೆಲಕ್ಕೆ ಎಷ್ಟು ಹತ್ತಿರ ಅಂದ್ರೆ, ನಮ್ಮ ಸದಲಗಾದ ಸ್ಪೀಡ್ ಬ್ರೇಕರನ್ನು ಹೊಟ್ಟೆ ಉಜ್ಜದೆ ದಾಟಲಿಕ್ಕಿಲ್ಲ.

ಇಲ್ಲಿಯ ವಾಡಿಕೆ ಬೇರೆ. ಇಂಥ ಕಾರು ಇದ್ದವರು ನವೆಂಬರಿನಲ್ಲಿ ಅದನ್ನು ತೊಳೆದು, ಟ್ಯಾಂಕ್ ತುಂಬಿಸಿ, ಬ್ಯಾಟರಿಗೆ ಚಾರ್ಜರ್ ಹಚ್ಚಿ, ಮೇಲೊಂದು ಹೊದಿಕೆ ಹಾಕಿ ಗ್ಯಾರೇಜಿನಲ್ಲಿ ಮಲಗಿಸ್ತಾರೆ. ಏಪ್ರಿಲ್‌ವರೆಗೆ ಓಡಾಡೋಕೆ ಒಂದು ಹಳೇ ಡಬ್ಬಾ ಕಾರು ಇಟ್ಕೊಂಡಿರ್ತಾರೆ. ನಾನು ಮಾತ್ರ ಐದು ಚಳಿಗಾಲ ಇದೇ ಕಾರಿನಲ್ಲಿ ತೆಗೆದೀನಿ. ಆಫೀಸಿಗೆ ಹೋಗಿ ಬರೋದು ದಿನಕ್ಕೆ 60 ಕಿಲೋಮೀಟರು. ಡೆಟ್ರಾಯಿಟಿನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 45 ಇಂಚು ಹಿಮ ಬೀಳತ್ತೆ.

ಇದು ಹುಚ್ಚು ಧೈರ್ಯ ಅಲ್ಲ, ಲೆಕ್ಕ. ಲೆಕ್ಕದ ಮೊದಲ ಸಾಲು ಟೈರು. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗ್ತಾ ಹೋಗತ್ತೆ. ಸೊನ್ನೆಗಿಂತ ಕೆಳಗಿಳಿದರೆ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಒದ್ದೆ ಗ್ರಾನೈಟ್ ಮೇಲೆ ನಡೆದ ಹಂಗ. ಚಳಿಗಾಲದ ಟೈರಿನ ರಬ್ಬರು ಆ ಥಂಡಿಯಲ್ಲೂ ಮೆತ್ತಗೇ ಇರತ್ತೆ. ಅದರ ಮೈತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರ್ತಾವೆ, ಅವು ಹಿಮವನ್ನು ಕಚ್ಚಿ ಹಿಡೀತಾವೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದ್ರೆ ಅದು ಹಿಮದ ಪರೀಕ್ಷೆಯಲ್ಲಿ ಪಾಸಾದ ಟೈರು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಾನೂನಿನಂತೆ ಕಡ್ಡಾಯ. ಮಿಶಿಗನ್ನಿನಲ್ಲಿ ಅಂಥ ಕಾನೂನಿಲ್ಲ. ಹಂಗಾಗಿ ಬಹಳ ಮಂದಿ ನಾಲ್ಕೂ ಗಾಲಿಗೆ ಶಕ್ತಿ ಹೋಗೋ ದೊಡ್ಡ ಗಾಡಿ ತಗೊಂಡು, ಟೈರಿನ ಕಡೆ ನೋಡೋದೇ ಇಲ್ಲ. ಹೊರಡೋಕೆ ಆ ವ್ಯವಸ್ಥೆ ಅನುಕೂಲ, ಖರೆ. ನಿಲ್ಲೋಕೆ? ಬ್ರೇಕ್ ಎಲ್ಲಾ ಕಾರಿಗೂ ನಾಲ್ಕೇ ಗಾಲಿಗೆ, ಹಿಡಿಯೋದು ಆ ಟೈರಿನ ರಬ್ಬರೇ. ಹೆದ್ದಾರಿ ಪಕ್ಕದ ಚರಂಡಿಯಲ್ಲಿ ಮೂಗು ಹೂತು ನಿಂತ ದೊಡ್ಡ ಗಾಡಿಗಳನ್ನು ನಾನು ಪ್ರತಿ ಜನವರಿಯಲ್ಲೂ ನೋಡ್ತೀನಿ.

ಎರಡನೇ ಸಾಲು ಕಾಲು. ಇದನ್ನು ನಾನು ಅಮೆರಿಕದಲ್ಲಿ ಕಲಿತದ್ದಲ್ಲ. ದೂಧಗಂಗಾ ದಂಡೆಯ ನಮ್ಮ ಎರಿ ಹೊಲದಾಗ ಮಳೆ ಬಿದ್ದ ಮೇಲೆ ಟ್ರ್ಯಾಕ್ಟರ್ ಹೊಡೆದವರಿಗೆ ಇದು ಗೊತ್ತು. ಎರಿ ಮಣ್ಣು ಒದ್ದೆ ಆದ್ರೆ ಬೆಣ್ಣೆ. ಹಿಂದೆ ಕಬ್ಬಿನ ಟ್ರೇಲರ್ ಇರ್ತದೆ, ಟನ್‌ಗಟ್ಟಲೆ ಭಾರ. ಗಾಬರಿಯಾಗಿ ಎಕ್ಸಲರೇಟರ್ ಒತ್ತಿದರೆ ಮುಗೀತು. ಅಪ್ಪಾ ಬದುವಿನ ಮೇಲೆ ನಿಂತು ಕೂಗ್ತಿದ್ದರು: "ರೇಸ್ ಕೊಡಬ್ಯಾಡೋ! ಗಾಲಿ ಕುಣಿ ತೋಡತಾವು. ನೆಲಾ ಹಿಡೀಲಿ, ತಡಿ." ಹಿಂದಿನ ಟೈರಿನೊಳಗೆ ನೀರು ತುಂಬಿಸಿ ಭಾರ ಹೆಚ್ಚಿಸೋದು, ಗಾಲಿ ಮುಂದೆ ರವದಿ ಹಾಸೋದು, ಇವೆಲ್ಲಾ ಮಾಡಿ ಬೆಳೆದವರು ನಾವು.

ಹಿಮಕ್ಕೂ ಅದೇ ಪಾಠ. ನಿಂತ ಕಾರನ್ನು ಎರಡನೇ ಗೇರಿನಲ್ಲಿ ಮೆತ್ತಗೆ ಎಬ್ಬಿಸಬೇಕು. ಬ್ರೇಕು, ಸ್ಟೇರಿಂಗು, ಎಕ್ಸಲರೇಟರ್ ಮೂರನ್ನೂ ಒಟ್ಟಿಗೆ ಕೇಳಬಾರದು. ಟೈರಿನ ಹತ್ರ ಇರೋ ಹಿಡಿತ ಅಷ್ಟೇ, ಅದನ್ನು ಒಂದು ಸಲಕ್ಕೆ ಒಂದು ಕೆಲಸಕ್ಕೆ ಖರ್ಚು ಮಾಡಬೇಕು. ಹಿಂಭಾಗ ಜಾರಿತು ಅನಿಸಿದ್ರೆ ಕಾಲು ಸಡಿಲಿಸಿ, ಹೋಗಬೇಕಾದ ಕಡೆ ಕಣ್ಣಿಟ್ಟು, ಆ ಕಡೆಗೇ ಸ್ಟೇರಿಂಗ್ ತಿರುಗಿಸೋದು. ಜಾರೋದನ್ನು ಗಮನಿಸಿ ಒಂದೊಂದೇ ಗಾಲಿಗೆ ಬ್ರೇಕ್ ಹಾಕೋ ಎಲೆಕ್ಟ್ರಾನಿಕ್ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲಾ ಕಾರಿಗೂ ಕಡ್ಡಾಯ, ನನ್ನದರಲ್ಲೂ ಇದೆ. ಆದ್ರೂ ಪ್ರತಿ ವರ್ಷ ಮೊದಲ ಹಿಮ ಬಿದ್ದ ರಾತ್ರಿ ಖಾಲಿ ಪಾರ್ಕಿಂಗ್ ಜಾಗ ಹುಡುಕಿ, ಬೇಕಂತಲೇ ಒಂದೆರಡು ಸಲ ಜಾರಿಸಿ ನೋಡ್ತೀನಿ. ಕಾಲಿಗೆ ನೆನಪಾಗಬೇಕಲ್ಲ. ಇನ್ನು ಹತ್ತು ಇಂಚು ಬಿದ್ದ ದಿನ ಹೊರಗೆ ಹೋಗೋದಿಲ್ಲ. ಅಷ್ಟು ಹಿಮದಲ್ಲಿ ಈ ಕಾರು ನೇಗಿಲಾಗತ್ತೆ. ಆವತ್ತು ಮನೆಯಿಂದಲೇ ಕೋಡು.

ಮೂರನೇ ಸಾಲು ಉಪ್ಪು. ನನ್ನ ವಿರುದ್ಧ ಇರೋ ಒಂದೇ ಗಟ್ಟಿ ವಾದ ಇದು. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ನೂರು ವರ್ಷಕ್ಕೂ ಹಳೇದಾದ ಉಪ್ಪಿನ ಗಣಿ ಇದೆ. ಅಂಥ ಉಪ್ಪನ್ನೇ ಇಲ್ಲಿ ರಸ್ತೆಗೆ ಸುರೀತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟೋದಿಲ್ಲ, ಅದಕ್ಕೇ ರಸ್ತೆ ಬಿಚ್ಚಿಕೊಳ್ಳತ್ತೆ. ಸುಮಾರು ಮೈನಸ್ 9ಕ್ಕಿಂತ ಕೆಳಗೆ ಹೋದ್ರೆ ಅದರ ಕೆಲಸವೂ ನಿಧಾನ. ಆದ್ರೆ ಅದೇ ಉಪ್ಪುನೀರು ಕಾರಿನ ತಳ, ಬೋಲ್ಟು, ಬ್ರೇಕ್ ಪೈಪು ಎಲ್ಲಾ ತಿನ್ನತ್ತೆ. ಪ್ರತಿ ವಾರ ತಳ ತೊಳೆಸ್ತೀನಿ, ಅಕ್ಟೋಬರಿನಲ್ಲಿ ಕೆಳಗೆಲ್ಲಾ ಎಣ್ಣೆಯಂಥ ಲೇಪ ಹೊಡೆಸ್ತೀನಿ. ಆದ್ರೂ ಹೋದ ವರ್ಷ ಹಿಂದಿನ ಗಾಲಿಯ ಕಮಾನಿನಲ್ಲಿ ಎಂಟಾಣೆ ಅಗಲದ ತುಕ್ಕು ಕಂಡಿತು. ಗೆಳೆಯನೊಬ್ಬ ಬೊಗ್ಗಿ ನೋಡಿ, "ಅಲ್ಲಾ ಮಾರಾಯಾ, ಇಷ್ಟು ಚಂದದ ಕಾರು ಕೈಯಾರೆ ಕೊಲ್ತಿದ್ದೀಯಲ್ಲ" ಅಂದ.

ಅವನಿಗೆ ನಮ್ಮ ಕಾಕಾನ ಯೆಜ್ಡಿ ಗೊತ್ತಿಲ್ಲ. ನಿಪ್ಪಾಣಿ ಪೇಟೆಯಲ್ಲಿ ತಂಬಾಕು ಮಾರಿ ಬಂದ ರೊಕ್ಕದಲ್ಲಿ, ನಾನು ಹುಟ್ಟೋಕೆ ಮೊದಲು, ಕಾಕಾ ತಗೊಂಡ ಗಾಡಿ ಅದು. ಮೈಸೂರಿನ ಐಡಿಯಲ್ ಜಾವಾದ್ದು. ಕಿಕ್ಕೂ ಅದೇ, ಗೇರೂ ಅದೇ, ಎರಡಕ್ಕೂ ಒಂದೇ ಲಿವರ್. ಕಾಕಾ ಅದನ್ನು ಜಾತ್ರೆಗೆ, ಮದುವೆಗೆ ಮಾತ್ರ ತೆಗೀತಿದ್ದರು. ಮಳೆಗಾಲದಲ್ಲಿ "ರಾಡಿ ಆಗತೈತಿ", ಬ್ಯಾಸಗಿಯಲ್ಲಿ "ಬಿಸಲಾಗ ಬಣ್ಣಾ ಹೋಗತೈತಿ", ಕಬ್ಬಿನ ಸುಗ್ಗಿಯಲ್ಲಿ "ಟ್ರ್ಯಾಕ್ಟರದ ಧೂಳಾ". ದನದ ಕೊಟ್ಟಿಗೆಯ ಮೂಲೆಯಲ್ಲಿ ತಾಡಪತ್ರಿ ಹೊದ್ದು ಅದು ನಿಂತಿರೋದು, ಕಾಕಾ ಚಿಕ್ಕೋಡಿಗೆ ಬಸ್ಸಿನಲ್ಲಿ ಹೋಗೋದು. ಡಾಂಬರು ರಸ್ತೆ ಚಲೋ ಆಗಲಿ, ಆಮೇಲೆ ದಿನಾ ಹೊಡೆಯೋಣ ಅಂತಿದ್ದರು. ಡಾಂಬರು ಚಲೋ ಆಯ್ತು. ಅಷ್ಟರಲ್ಲಿ ಕಾಕಾನ ನಡ ಹೋಯ್ತು, ಕಿಕ್ ಹೊಡೆಯೋಕೆ ಆಗಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು, ಬಿಡಿಭಾಗ ಸಿಗೋದೂ ಕಷ್ಟ. ಕೊನೆಗೆ ತಾಡಪತ್ರಿ ತೆಗೆದು ನೋಡಿದ್ರೆ ವಯರುಗಳನ್ನೆಲ್ಲಾ ಇಲಿ ಕಡಿದಿದ್ದವು, ಟ್ಯಾಂಕಿನೊಳಗೆ ತುಕ್ಕು. ಮೀಟರಿನಲ್ಲಿ 11 ಸಾವಿರ ಚಿಲ್ಲರೆ ಕಿಲೋಮೀಟರು. ಉಪ್ಪು ಕಾಣದ ಗಾಡಿ ಅದು.

ಈ ಕಾರು ತಗೊಂಡಾಗ ಕಾಕಾನಿಗೆ ಫೋಟೋ ಕಳಿಸಿದ್ದೆ. ಫೋನ್ ಮಾಡಿದರು. ಬೆಲೆ ಕೇಳ್ತಾರೆ ಅನ್ಕೊಂಡೆ.

"ದಿನಾ ಹೊಡಿತಿಯೇನು?"

"ಹೂಂ ಕಾಕಾ."

"ಹೊಡಿ."

ಅಷ್ಟೇ ಮಾತು. ಹವಾಮಾನ ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

ಬೆಂಗಳೂರಿನಲ್ಲಿರೋ ನನ್ನ ವಾರಿಗೆಯ ಗೆಳೆಯರಿಗೂ ಒಂದೊಂದು ಯೆಜ್ಡಿ ಇದೆ. ಬೇಸ್‌ಮೆಂಟಿನಲ್ಲಿ ಹೊದಿಕೆ ಹೊದ್ದ ಬುಲೆಟ್ಟು, ಅಲಮಾರಿನಲ್ಲಿ ಬ್ಯಾಟರಿ ಸತ್ತ ಕ್ಯಾಮೆರಾ. ರಿಲೀಸ್ ಮುಗೀಲಿ, ಇಎಂಐ ತೀರಲಿ, ಟ್ರಾಫಿಕ್ ಕಡಿಮೆಯಾಗಲಿ ಅಂತಾರೆ. ಮೂರನೆಯದಂತೂ ಆಗೋ ಮಾತಲ್ಲ.

ಬರೋ ಮೇ ತಿಂಗಳಿಗೆ ನಾವು ಮೂವರಾಗ್ತೀವಿ. ಕಾರಿನಲ್ಲಿ ಇರೋದು ಎರಡೇ ಸೀಟು. ಹೆಂಡತಿ ಏನೂ ಹೇಳಲಿಲ್ಲ, ಹೇಳೋ ಅಗತ್ಯವೂ ಇರಲಿಲ್ಲ. ಹಿಂದೆ ಮೂರು ಜನ ಕೂರೋ ಗಾಡಿಯೊಂದನ್ನು ಇಬ್ಬರೂ ಹೋಗಿ ನೋಡಿ ಬಂದೀವಿ. ಚಳಿಗಾಲ ಕಾಣದ ಮಿಯಾಟಾಕ್ಕೆ ಸಿಗೋ ಬೆಲೆ ನನ್ನದಕ್ಕೆ ಸಿಗೋದಿಲ್ಲ, ತುಕ್ಕು ನೋಡಿದವರು ಖಂಡಿತ ಇಳಿಸಿ ಕೇಳ್ತಾರೆ. ಕೇಳಲಿ. ಆ ವ್ಯತ್ಯಾಸವನ್ನು ಐದು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಒಂದು ಸಲ ಹೊರಗೆ ಊಟ ಮಾಡಿದಷ್ಟು ಆಗತ್ತೆ. ಮೀಟರಿನಲ್ಲಿ ಒಂದು ಲಕ್ಷ ಕಿಲೋಮೀಟರು ದಾಟಿದೆ. ಅದರಲ್ಲಿ ಜನವರಿ ಮುಂಜಾನೆಗಳು ಎಷ್ಟೋ. ಮೈನಸ್ 12, ಆಕಾಶ ನೀಲಿ, ಸೀಟಿನ ಹೀಟರು ಪೂರ್ತಿ, ಮಾಡು ತೆಗೆದು, ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋದ ದಿನಗಳೂ ಇದಾವೆ.

ಇನ್ನೂ ಎರಡು ತಿಂಗಳ ಹಿಮ ಬಾಕಿ ಇದೆ. ನಾಳೆ ಮುಂಜಾನೆ ಮೂರು ಇಂಚು ಅಂತ ಹವಾಮಾನದವರು ಹೇಳಿದಾರೆ. ಹಿಮ ಗುಡಿಸೋ ಬ್ರಷ್ ಡಿಕ್ಕಿಯಲ್ಲೇ ಇದೆ, ಅಲಾರಂ ಅರ್ಧ ತಾಸು ಮುಂಚೆ ಇಟ್ಟೀನಿ.